ಒತ್ತಿ, ಒತ್ತಿಕೊಂಡು: ಒಂದು ಕಾಳಗದಾಟದ ಗುಂಡಿಗಳನ್ನು ಕಲಿತ ಬಗೆ

(ಕನ್ನಡ ಮಾಧ್ಯಮ ಶಿಕ್ಷಕರ ರಜಾಕಾಲದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಉಪನ್ಯಾಸಕ್ಕೆ ‘ಸೂಚನಾ ಭಾಷೆಯ ಬೋಧನೆ’ ಎಂಬ ಗಂಭೀರವಾದ ಶೀರ್ಷಿಕೆಯನ್ನು ಕೊಡಲಾಗಿದೆ. ಶೀರ್ಷಿಕೆ ತಪ್ಪಲ್ಲ. ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಕಂಪ್ಯೂಟರ್ ಆಟವನ್ನು ಕಲಿಯಲು ಹೋಗಿ ನಾನು ಪಟ್ಟ ಪಾಡಿನ ವಿಷಯವನ್ನು. ಆಟವೆಂದರೆ ಪದಬಂಧವೋ ಗಣಿತದ ಒಗಟೋ ಅಲ್ಲ. ಕೋಟೆ, ಸೈನ್ಯ, ಈಟಿ, ಬಿಲ್ಲುಗಳಿರುವ ಯುದ್ಧದ ಆಟ. ತರಬೇತುದಾರನೊಬ್ಬನು ವೇದಿಕೆಯ ಮೇಲೆ ನಿಂತು ಇಂಥದನ್ನು ಹೇಳಬಹುದೇ ಎಂದು ನನಗೂ ಅಳುಕಿತ್ತು. ಹೇಳದಿದ್ದರೆ ಒಂದು ಹಳೆಯ ತಪ್ಪನ್ನು ಮುಚ್ಚಿಟ್ಟಂತಾಗುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಆ ತಪ್ಪು ಯಾವುದೆಂಬುದು ಮುಂದೆ ಬರುತ್ತದೆ.

ಕಳೆದ ವರ್ಷದ ಆಟಿ ತಿಂಗಳಿನಲ್ಲಿ ಜಿಲ್ಲಾಧಿಕಾರಿಗಳು ಎರಡು ದಿನ ಮಳೆಯ ರಜೆ ಸಾರಿದ್ದರು. ನಾನು ಬದಿಯಡ್ಕದ ಸಮೀಪದ ನಮ್ಮ ಮೂಲಮನೆಯಲ್ಲಿದ್ದೆನು. ತಮ್ಮನ ಮಗ, ಒಂಬತ್ತನೆಯ ತರಗತಿಯ ಕನ್ನಡ ಮಾಧ್ಯಮದ ಹುಡುಗ, ಚಾವಡಿಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದನು. ಇಣುಕಿ ನೋಡಿದರೆ ಯುದ್ಧ ನಡೆಯುತ್ತಿದೆ. ನನ್ನೊಳಗಿನ ಅಧ್ಯಾಪಕನು ಸುಮ್ಮನಿರಲಿಲ್ಲ, ಗದರಿಸಿದೆನು. ಅವನು ತಲೆ ಎತ್ತದೆಯೇ ಹೇಳಿದನು: “ದೊಡ್ಡಪ್ಪಾ, ಇದು ಓಡಿ ಓಡಿ ಗುಂಡು ಹೊಡೆಯುವ ಆಟ ಅಲ್ಲ. ಚೆಸ್ಸಿನ ಹಾಗೆ, ಒಬ್ಬರಾದ ಮೇಲೆ ಒಬ್ಬರು. ನೀವೇ ಒಮ್ಮೆ ಆಡಿ ನೋಡಿ, ಮತ್ತೆ ಬೈಯಿರಿ.” ನ್ಯಾಯವಾದ ಮಾತು. ಓದದ ಪುಸ್ತಕವನ್ನು ಟೀಕಿಸಬಾರದೆಂದು ನಾವೇ ಮಕ್ಕಳಿಗೆ ಹೇಳುತ್ತೇವಲ್ಲವೇ? ಕುರ್ಚಿ ಎಳೆದುಕೊಂಡು ಕುಳಿತೆನು.

ಆಟದ ಹೆಸರು ‘ಬ್ಯಾಟಲ್ ಫಾರ್ ವೆಸ್ನಾತ್’. ಡೇವಿಡ್ ವೈಟ್ ಎಂಬವರು ಇದನ್ನು ಆರಂಭಿಸಿ 2003ರಲ್ಲಿ ಮೊದಲ ರೂಪವನ್ನು ಹೊರತಂದರು, 1.0 ಎಂಬ ಆವೃತ್ತಿ 2005ರಲ್ಲಿ ಬಂದಿತು. ಅಂದಿನಿಂದ ಲೋಕದ ನಾನಾ ಕಡೆಯ ಸ್ವಯಂಸೇವಕರು ಇದನ್ನು ಬೆಳೆಸುತ್ತ ಬಂದಿದ್ದಾರೆ. ನಮ್ಮ ಶಾಲಾ ಲ್ಯಾಬುಗಳಲ್ಲಿರುವಂತೆಯೇ ಇದೂ ಸ್ವತಂತ್ರ ತಂತ್ರಾಂಶ. ಹಣ ಕೊಟ್ಟು ಹರಳುಗಳನ್ನು ಕೊಳ್ಳುವ, ಮಕ್ಕಳನ್ನು ಸಾಲಕ್ಕೆ ಸಿಕ್ಕಿಸುವ ವ್ಯವಹಾರ ಇದರಲ್ಲಿಲ್ಲ. ಒಬ್ಬರೇ ಕಂಪ್ಯೂಟರಿನ ಎದುರಾಗಿ ಆಡಬಹುದು. ಅಂತರ್ಜಾಲದ ಮೂಲಕ ಎಲ್ಲಿಯೋ ಇರುವ ಇನ್ನೊಬ್ಬರೊಡನೆಯೂ ಆಡಬಹುದು. ಭೂಪಟವು ಜೇನುಗೂಡಿನಂತೆ ಆರು ಮೂಲೆಯ ಮನೆಗಳಿಂದಾಗಿದೆ. ಒಂದು ಮನೆಯಲ್ಲಿ ಒಬ್ಬನೇ ಆಳು. ಹುಲ್ಲುಗಾವಲು, ಕಾಡು, ಗುಡ್ಡ, ನೀರು, ಹಳ್ಳಿ, ಕೋಟೆ ಎಂದು ಮನೆಗಳಿಗೆ ಬೇರೆ ಬೇರೆ ಗುಣ. ತನ್ನ ಪಾಳಿಯಲ್ಲಿ ಆಟಗಾರನು ತನ್ನ ಆಳುಗಳನ್ನೆಲ್ಲ ನಡೆಸಿ, ಬೇಕಾದವರಿಂದ ಹೊಡೆಸಿ, ಪಾಳಿಯನ್ನು ಮುಗಿಸಿ ಎದುರಾಳಿಗೆ ಬಿಟ್ಟುಕೊಡಬೇಕು.

ನನಗೆ ಮೌಸ್ ಹಿಡಿದು ರೂಢಿಯಿದೆ. ಆದುದರಿಂದ ಹುಡುಗ ಬಾಯಿ ತೆರೆಯುವ ಮುನ್ನವೇ ಒಬ್ಬ ಈಟಿಯವನ ಮೇಲೆ ಕ್ಲಿಕ್ ಮಾಡಿ, ಎದುರಿಗಿದ್ದ ಹೊಳೆಯ ಮೇಲೆ ಮತ್ತೊಮ್ಮೆ ಕ್ಲಿಕ್ ಮಾಡಿದೆನು. ಆಳು ನಡೆದು ಹೋಗಿ ಮೊಣಕಾಲು ನೀರಿನಲ್ಲಿ ನಿಂತನು. ಹುಡುಗ ‘ಅಯ್ಯೋ’ ಎಂದನು. ಅನಂತರ ಕೀಲಿಮಣೆಯ ಮೇಲೆ ಕೈಚಾಚಿ ‘ಯು’ ಅಕ್ಷರವನ್ನು ಒತ್ತಿದನು. ಆಳು ಇದ್ದಲ್ಲಿಗೇ ಮರಳಿ ಬಂದು ನಿಂತನು. “ಇದು ಹಿಂದೆ ತೆಗೆಯುವುದು. ಇದನ್ನು ಮೊದಲು ಕಲಿಯಿರಿ. ಉಳಿದದ್ದು ಮತ್ತೆ,” ಎಂದನು.

ಇದನ್ನು ಮೊದಲು ಕಲಿಯಿರಿ ಎಂಬ ಆ ಮಾತು ನನ್ನನ್ನು ಹೇಗೆ ತಟ್ಟಿತೆಂಬುದು ಅವನಿಗೆ ತಿಳಿಯುವಂತಿರಲಿಲ್ಲ.

ಮುಂದಿನ ಪಾಠ ಇನ್ನೂ ಸರಳವಾಗಿತ್ತು. “ಒತ್ತುವುದು ಬೇಡ ದೊಡ್ಡಪ್ಪಾ. ಬಾಣವನ್ನು ಸುಮ್ಮನೆ ಮೇಲೆ ಇಟ್ಟು ನೋಡಿ.” ಆಳನ್ನು ಒಮ್ಮೆ ಆರಿಸಿದರೆ ಅವನು ಆ ಪಾಳಿಯಲ್ಲಿ ತಲುಪಬಹುದಾದ ಮನೆಗಳು ಬೆಳಕಾಗಿಯೇ ಉಳಿದು, ತಲುಪಲಾಗದ ಮನೆಗಳು ಮಸುಕಾಗುತ್ತವೆ. ಆಗ ಬಾಣವನ್ನು ಯಾವ ಮನೆಯ ಮೇಲೆ ಒಯ್ದರೂ ಅಲ್ಲಿ ನಿಂತರೆ ಅವನಿಗೆ ಎಷ್ಟು ಪಾಲು ರಕ್ಷಣೆ ಎಂಬ ಸಂಖ್ಯೆ ಕಾಣಿಸುತ್ತದೆ. ಸಾಮಾನ್ಯ ಮನುಷ್ಯ ಭಟನಿಗೆ ಹುಲ್ಲಿನಲ್ಲಿ ಶೇಕಡಾ 40, ಹಳ್ಳಿಯಲ್ಲಿ 60, ಆಳವಿಲ್ಲದ ನೀರಿನಲ್ಲಿ 20. ಎಂದರೆ ನಾನು ಹೊಳೆಯಲ್ಲಿ ನಿಲ್ಲಿಸಿದವನಿಗೆ ಬೀಳುವ ಪ್ರತಿ ಹತ್ತು ಏಟುಗಳಲ್ಲಿ ಎಂಟು ತಾಗುವ ಸಂಭವವಿತ್ತು. ಶತ್ರುವಿನ ಮೇಲೆ ಬಾಣವಿಟ್ಟರೆ ಅವನೆಷ್ಟು ದೂರ ಬರಬಲ್ಲನೆಂಬುದೂ ತೋರುತ್ತದೆ. ಕಂಟ್ರೋಲ್ ಮತ್ತು ‘ವಿ’ ಗುಂಡಿಗಳು ಶತ್ರುಗಳೆಲ್ಲರ ವ್ಯಾಪ್ತಿಯನ್ನು ಒಮ್ಮೆಗೇ ತೋರಿಸುತ್ತವೆ. ಕೇಳಿದರೆ ಆಟವು ಎಲ್ಲವನ್ನೂ ಹೇಳುತ್ತದೆ. ಬಾಣವನ್ನು ಒಯ್ದು ಇಡುವುದೇ ಕೇಳುವುದು, ಗುಂಡಿಯನ್ನು ಒತ್ತುವುದು ಮಾಡುವುದು. ಕೇಳದೆ ಮಾಡಿದವನು ನೀರಿಗಿಳಿಯುತ್ತಾನೆ.

ಹೀಗೆ ಅರ್ಧ ತಾಸು ಕಳೆದ ಮೇಲೆ ಹುಡುಗನು ಆಟದೊಳಗೇ ಇರುವ ಪಾಠವನ್ನು ತೆರೆದುಕೊಟ್ಟನು. ಅಲ್ಲಿ ಒಬ್ಬ ಮುದಿ ಮಾಂತ್ರಿಕನು ಎಳೆಯ ರಾಜಪುತ್ರನಿಗೆ ಕಲಿಸುತ್ತಾನೆ. ಮೊದಲ ಶತ್ರು ಯಾರು ಗೊತ್ತೇ? ಅಭ್ಯಾಸಕ್ಕೆಂದು ನೆಟ್ಟ ಒಂದು ಬೆದರುಗೊಂಬೆಯಂಥ ಕಂಬ. ಅದರ ಪಕ್ಕದ ಮನೆಗೆ ನಡೆಯಿರಿ ಎಂಬುದು ಒಂದು ಸೂಚನೆ. ನಡೆದ ಮೇಲಷ್ಟೇ ಅದನ್ನು ಹೊಡೆಯಿರಿ ಎಂಬುದು ಮುಂದಿನ ಸೂಚನೆ. ಹಳ್ಳಿಯನ್ನು ಹಿಡಿದರೆ ಪ್ರತಿ ಪಾಳಿಗೂ ಹೊನ್ನು ಬರುತ್ತದೆ, ಗಾಯಗೊಂಡವನು ಅಲ್ಲಿ ತಂಗಿದರೆ ಚೇತರಿಸಿಕೊಳ್ಳುತ್ತಾನೆ ಎಂಬುದು ಹಳ್ಳಿ ಕಣ್ಣಿಗೆ ಬಿದ್ದ ಮೇಲೆ ತಿಳಿಯುತ್ತದೆ. ಅದಕ್ಕೆ ಮೊದಲು ತಿಳಿಯುವುದಿಲ್ಲ. ಕೀಲಿಗಳ ಪೂರ್ಣ ಪಟ್ಟಿ ಆಟದಲ್ಲಿ ಇದ್ದೇ ಇದೆ. ಹತ್ತಾರು ಸಾಲುಗಳ ಪಟ್ಟಿ. ಆದರೆ ಅದನ್ನು ಬಾಗಿಲಲ್ಲಿ ನಿಲ್ಲಿಸಿ ಓದಿಸುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಹಲವು ವರ್ಷಗಳ ಹಿಂದೆ ಶಿಕ್ಷಕರಿಗೆ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ತರಬೇತಿಯೊಂದರಲ್ಲಿ ನಾನು ಸಂಪನ್ಮೂಲ ವ್ಯಕ್ತಿಯಾಗಿದ್ದೆನು. ಬೆಳಗಿನ ಹೊತ್ತು ಪೂರ್ತಿ ಪರದೆಯ ಮೇಲಿನ ಪ್ರತಿಯೊಂದು ಪಟ್ಟಿಯನ್ನೂ ಒಂದೊಂದಾಗಿ ತೆರೆದು, ಇದು ಇಂಥದಕ್ಕೆ, ಅದು ಅಂಥದಕ್ಕೆ ಎಂದು ವಿವರಿಸಿದೆನು. ಕ್ರಮಬದ್ಧವಾದ ಬೋಧನೆಯೆಂದು ಆಗ ನನಗೆ ಹೆಮ್ಮೆಯೇ ಇತ್ತು. ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ತರಗತಿಯ ಅಂಕಗಳನ್ನು ತುಂಬತೊಡಗಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಟೀಚರೊಬ್ಬರು ಒಂದೊಂದೇ ಬೆರಳಿನಿಂದ, ಒಂದೂ ತಪ್ಪಿಲ್ಲದೆ, ಇಡೀ ತರಗತಿಯ ಅಂಕಗಳನ್ನು ತುಂಬಿದರು. ಕೊನೆಯ ಹೆಸರಿಗೆ ಬರುವಾಗ ಹೇಗೋ ಎಲ್ಲವೂ ಆಯ್ಕೆಗೊಂಡು, ಯಾವುದೋ ಗುಂಡಿ ತಗುಲಿ, ಪುಟ ಬಿಳಿಯಾಯಿತು. ಅವರು ನನ್ನನ್ನು ಕರೆದರು. ನಾನು ಹೋಗಿ ನೋಡಿ, ಎಲ್ಲರಿಗೂ ಕೇಳುವಂತೆ, “ಟೀಚರೇ, ನಿಮಗೆ ಆ ಕೆಂಪು ಮಸಿಯ ಪೆನ್ನೇ ಒಳ್ಳೆಯದಿತ್ತು,” ಎಂದೆನು. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಲಿಲ್ಲ. ನಿವೃತ್ತರಾಗುವವರೆಗೂ ಅವರ ಅಂಕಗಳನ್ನು ಕಿರಿಯ ಸಹೋದ್ಯೋಗಿಯೊಬ್ಬರು ತುಂಬಿಕೊಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಅಳಿದುಹೋದ ಅಂಕಗಳು ಎರಡು ಗುಂಡಿಗಳಿಂದ ಮರಳಿ ಬರುತ್ತಿದ್ದವು. ಕಂಟ್ರೋಲ್ ಮತ್ತು ‘ಝಡ್’. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಟಿಪ್ಪಣಿಯ ಕೊನೆಯ ಪುಟದಲ್ಲಿ, ಸಮಯವಿದ್ದರೆ ಹೇಳಬೇಕಾದ ಸಂಗತಿಗಳ ನಡುವೆ ಅದು ಇತ್ತು. ಸಮಯವಿರಲಿಲ್ಲ. ನಗಿಸುವ ಆತುರದಲ್ಲಿ ಆ ಕ್ಷಣಕ್ಕೆ ಅದು ನೆನಪಿಗೂ ಬರಲಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಪಾಠವೆಂದು ತೋರಿದುದು ಎಂ.ಎಡ್. ಓದಿದ ನನಗೆ ಕೊನೆಯ ಪಾಠವಾಗಿತ್ತು.

ಆದರೆ ಹಿಂದೆ ತೆಗೆಯುವುದಕ್ಕೂ ಈ ಆಟದಲ್ಲಿ ಮಿತಿಯಿದೆ, ಮತ್ತು ಆ ಮಿತಿ ಬಹಳ ವಿಚಾರಪೂರ್ವಕವಾದುದು. ಬರಿದೆ ನಡೆದ ನಡೆಯನ್ನು ಹಿಂದೆ ತೆಗೆಯಬಹುದು. ಮಂಜು ಮುಸುಕಿದ ಭೂಪಟದಲ್ಲಿ ಮುಂದಡಿಯಿಟ್ಟು, ಅಡಗಿದ್ದ ಏನನ್ನಾದರೂ ಕಂಡುಬಿಟ್ಟರೆ ಆ ನಡೆಯನ್ನು ತೆಗೆಯಲಾಗದು. ಕಂಡದ್ದನ್ನು ಕಾಣದಂತೆ ಮಾಡಲು ಸಾಧ್ಯವಿಲ್ಲವಷ್ಟೆ. ಹೊಡೆದ ಏಟನ್ನೂ ತೆಗೆಯಲಾಗದು. ಕೋಟೆಗೆ ಹೊಸ ಆಳನ್ನು ಕರೆಸಿಕೊಂಡದ್ದನ್ನೂ ಸಾಮಾನ್ಯವಾಗಿ ತೆಗೆಯಲಾಗದು. ಏಕೆಂದರೆ ಬರುವವನು ಬಲಶಾಲಿಯೋ ಚುರುಕಿನವನೋ ಬುದ್ಧಿವಂತನೋ ಗಟ್ಟಿಗನೋ ಎಂಬುದು ಅದೃಷ್ಟದಿಂದ ನಿಶ್ಚಯವಾಗುತ್ತದೆ. ಒಮ್ಮೆ ನೋಡಿ, ಬೇಡವೆಂದು ಕಳುಹಿಸಿ, ಮತ್ತೆ ಕರೆಸುವ ಚಾಲಾಕಿತನಕ್ಕೆ ಅವಕಾಶ ಕೊಟ್ಟಿಲ್ಲ. ಆದುದರಿಂದ ಆಡುವವನು ಪ್ರತಿಯೊಂದು ಗುಂಡಿಯ ಬಗೆಗೂ ಎರಡು ಸಂಗತಿಗಳನ್ನು ಕಲಿಯಬೇಕಾಗುತ್ತದೆ: ಇದು ಏನು ಮಾಡುತ್ತದೆ, ಮಾಡಿದ ಮೇಲೆ ಮರಳಿ ಬರಬಹುದೇ. ನಾವು ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಹೇಳುತ್ತೇವೆ.

ಹೊಸ ಆಳನ್ನು ಕರೆಸುವ ಗುಂಡಿಯ ಹತ್ತಿರ ನಾನು ಸಿಕ್ಕಿಬಿದ್ದೆನು. ನಮ್ಮ ಭಾಷೆಯ ಪ್ರಶ್ನೆ ಎದುರಾದದ್ದೂ ಅಲ್ಲಿಯೇ. ನಾಯಕನು ಕೋಟೆಯ ನಡುಮನೆಯಲ್ಲಿ ನಿಂತಿರುವಾಗ ಮಾತ್ರ ಆಳು ಕರೆಸಬಹುದು. ಬಂದವರು ಕೋಟೆಯ ಸುತ್ತುಮನೆಗಳಲ್ಲಿ ನಿಲ್ಲುತ್ತಾರೆ, ಆ ಪಾಳಿಯಲ್ಲಿ ಕದಲುವುದಿಲ್ಲ. ಇಷ್ಟನ್ನು ಹೇಳಿ ಹುಡುಗನು, “ಕಂಟ್ರೋಲ್ ಒತ್ತಿ ಆರ್ ಒತ್ತಿ,” ಎಂದನು. ನಾನು ಕಂಟ್ರೋಲ್ ಒತ್ತಿದೆನು, ಬಿಟ್ಟೆನು, ‘ಆರ್’ ಒತ್ತಿದೆನು. ಏನೂ ಆಗಲಿಲ್ಲ. ಮತ್ತೆ ಒತ್ತಿದೆನು. ಆಗಲಿಲ್ಲ. “ಕಂಟ್ರೋಲ್ ಒತ್ತಿ ಆರ್ ಒತ್ತಿ ದೊಡ್ಡಪ್ಪಾ!” “ಅದನ್ನೇ ಒತ್ತಿದೆನಲ್ಲ ಮಾರಾಯಾ!” ಹೀಗೆ ನಾಲ್ಕೈದು ಬಾರಿ ನಡೆಯಿತು. ಕೊನೆಗೆ ಅವನು ನನ್ನ ಎಡಗೈಯ ಕಿರುಬೆರಳನ್ನು ಹಿಡಿದು ಕಂಟ್ರೋಲಿನ ಮೇಲೆ ಅದುಮಿ ಇಟ್ಟು, ನನ್ನದೇ ತೋರುಬೆರಳಿನಿಂದ ‘ಆರ್’ ಒತ್ತಿಸಿದನು. ಆಳುಗಳ ಪಟ್ಟಿ ತೆರೆಯಿತು.

ನಾನು ದಿನವೂ ಕಂಪ್ಯೂಟರಿನಲ್ಲಿ ಬೆರಳಚ್ಚಿಸುವವನು. ಎರಡು ಗುಂಡಿಗಳನ್ನು ಜೊತೆಯಾಗಿ ಒತ್ತುವ ರೂಢಿ ನನಗೆ ಇದ್ದೇ ಇದೆ. ಆದರೂ ಹೊಸ ಜಾಗದಲ್ಲಿ, ಗಾಬರಿಯಲ್ಲಿ, ಹೇಳಿದ ವಾಕ್ಯವನ್ನು ಹೇಳಿದಂತೆಯೇ ಪಾಲಿಸಿದೆನು. ಆ ವಾಕ್ಯದ ಪ್ರಕಾರ ನಾನು ಮಾಡಿದ್ದೇ ಸರಿ. ನಮ್ಮಲ್ಲಿ ‘ಒತ್ತಿ’ ಎಂಬುದು ಒಂದೇ ರೂಪದಲ್ಲಿ ಎರಡು ವೇಷ ಹಾಕುತ್ತದೆ. ವಾಕ್ಯದ ಕೊನೆಯಲ್ಲಿ ಬಂದಾಗ ಅದು ವಿಧಿ: ನೀವು ಒತ್ತಿರಿ ಎಂದರ್ಥ. ನಡುವೆ ಬಂದಾಗ ಅದು ಭೂತಕೃದಂತ ಅವ್ಯಯ: ಒತ್ತುವ ಕ್ರಿಯೆ ಮುಗಿದು, ಆಮೇಲೆ ಇನ್ನೊಂದು. ‘ಊಟ ಮಾಡಿ ಮಲಗಿದನು’ ಎಂದರೆ ಉಣ್ಣುತ್ತ ಮಲಗಿದನೆಂದು ಯಾರೂ ತಿಳಿಯುವುದಿಲ್ಲ. ಹಾಗೆಯೇ ‘ಕಂಟ್ರೋಲ್ ಒತ್ತಿ ಆರ್ ಒತ್ತಿ’ ಎಂದರೆ ಮೊದಲನೆಯದನ್ನು ಮುಗಿಸಿ ಎರಡನೆಯದು ಎಂದೇ ಕನ್ನಡದ ಕಿವಿ ಕೇಳುತ್ತದೆ. ಈ ಆಟದಲ್ಲಿ ‘ಆರ್’ ಒಂದನ್ನೇ ಒತ್ತಿದರೆ ಹಿಂದೆ ತೆಗೆದ ನಡೆಯನ್ನು ಮತ್ತೆ ನಡೆಸುತ್ತದೆ; ಹಿಂದೆ ತೆಗೆದದ್ದೇ ಇಲ್ಲದಿದ್ದರೆ ಏನೂ ಆಗುವುದಿಲ್ಲ. ನನಗೆ ಆದದ್ದು ಅದೇ.

ಹಾಗಾದರೆ ಕನ್ನಡದಲ್ಲಿ ಸರಿಯಾಗಿ ಹೇಗೆ ಹೇಳುವುದು? ಆ ರಾತ್ರಿ ಕರೆಂಟು ಹೋಗಿತ್ತು; ಕತ್ತಲೆಯಲ್ಲಿ ಮಲಗಿ ಇದನ್ನೇ ಯೋಚಿಸಿದೆನು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಮಗಳಿಗೆ, “ಪಾತ್ರೆ ಹಿಡಿದುಕೊಂಡು ಸೊಪ್ಪು ಹಾಕು, ಇಲ್ಲದಿದ್ದರೆ ಮಗುಚುತ್ತದೆ,” ಎಂದದ್ದು ಕೇಳಿಸಿತು. ಅಲ್ಲಿಯೇ ಉತ್ತರವಿತ್ತು. ಹಿಡಿದು ಹಾಕುವುದು ಬೇರೆ, ಹಿಡಿದುಕೊಂಡು ಹಾಕುವುದು ಬೇರೆ. ‘ಕೊಂಡು’ ಎಂಬುದು ಸೇರಿದಾಗ ಮೊದಲ ಕ್ರಿಯೆ ಬಿಟ್ಟುಹೋಗದೆ ಎರಡನೆಯದರ ಕೆಳಗೆ ಮುಂದುವರಿಯುತ್ತದೆ. ‘ಹಾಡಿ ಬಂದನು’ ಎಂದರೆ ಹಾಡು ಮುಗಿದಿದೆ. ‘ಹಾಡಿಕೊಂಡು ಬಂದನು’ ಎಂದರೆ ದಾರಿಯುದ್ದಕ್ಕೂ ಹಾಡಿದೆ. ‘ಕೊಂಡು’ವಿಗೆ ಬೇರೆ ಅರ್ಥಗಳೂ ಉಂಟು, ‘ಬಟ್ಟೆ ಒಗೆದುಕೊಂಡು ಬಂದಳು’ ಎಂಬಲ್ಲಿ ಅದು ತನಗಾಗಿ ಎಂಬ ಅರ್ಥವನ್ನು ಹೇಳುತ್ತದೆ. ಆದರೆ ಹಿಡಿ, ಒತ್ತು, ಅದುಮು ಮುಂತಾದ ಕೈಯ ಕ್ರಿಯೆಗಳೊಡನೆ ಅದು ಬಿಡದೆ ಇರುವುದನ್ನು ಸ್ಪಷ್ಟವಾಗಿಯೇ ಸೂಚಿಸುತ್ತದೆ. ‘ಕಂಟ್ರೋಲ್ ಒತ್ತಿಕೊಂಡು ಆರ್ ಒತ್ತಿ.’ ಇಷ್ಟೇ. ಮಲಯಾಳ, ತಮಿಳುಗಳಲ್ಲಿಯೂ ಇದಕ್ಕೆ ಸೋದರ ರೂಪವಿದ್ದು ಇದೇ ಕೆಲಸ ಮಾಡುತ್ತದೆ. ಹಾಗಾಗಿ ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಎರಡೂ ಕಿವಿಗಳಿಂದ ತಿಳಿಯುತ್ತದೆ. ಬೆಳಗ್ಗೆ ಎದ್ದು ಹುಡುಗನಿಗೆ ಹೇಳಿದೆನು. ಅವನು ಒಂದು ಕ್ಷಣ ಯೋಚಿಸಿ, “ಹೌದಲ್ಲ! ನಾನು ಮನಸ್ಸಿನಲ್ಲಿ ಒತ್ತಿಕೊಂಡೇ ಹೇಳಿದ್ದು,” ಎಂದನು. ಹೇಳುವವನ ಮನಸ್ಸಿನಲ್ಲಿದ್ದು ವಾಕ್ಯಕ್ಕೆ ಬಾರದೆ ಉಳಿದ ಆ ‘ಕೊಂಡು’ ನಮ್ಮ ತರಗತಿಗಳಲ್ಲಿ ದಿನಕ್ಕೆಷ್ಟು ಬಾರಿ ಕಳೆದುಹೋಗುತ್ತಿದೆಯೋ.

ಎರಡನೆಯ ದಿನ ನಾನು ಅವನ ಶಬ್ದಗಳ ಕಡೆಗೆ ಗಮನವಿಟ್ಟೆನು. ಪರದೆಯ ಮೇಲಿದ್ದುದೆಲ್ಲ ಇಂಗ್ಲಿಷು. ಅವನ ಬಾಯಲ್ಲಿ ಬರುತ್ತಿದ್ದುದು ‘ರಿಕ್ರೂಟ್’, ‘ಎಂಡ್ ಟರ್ನ್’, ‘ಅನ್‌ಡೂ’. ರಿಕ್ರೂಟ್ ಎಂದರೇನು ಎಂದು ಕೇಳಿದರೆ “ಆಳು ಬರುವುದು” ಎಂದನು. ತಪ್ಪಲ್ಲ; ಶಬ್ದವನ್ನು ಅದರ ಕೆಲಸದಿಂದ ಕಲಿತಿದ್ದಾನೆ, ನಿಘಂಟಿನಿಂದ ಕಲಿಯುವುದಕ್ಕಿಂತ ಇದು ಗಟ್ಟಿ. ಆದರೆ ಐದನೆಯ ತರಗತಿಯ ತಂಗಿ ಬಂದು ತನಗೂ ಕಲಿಸೆಂದು ಹಟ ಹಿಡಿದಾಗ ಅವನ ಬಾಯಿ ಕಟ್ಟಿಹೋಯಿತು. “ಇಲ್ಲಿ ಇದನ್ನು ಒತ್ತು, ಮತ್ತೆ ಇದನ್ನು, ಅದಲ್ಲ, ಇದು,” ಎಂದು ಬೆರಳು ತೋರಿಸುವುದೇ ಆಯಿತು. ಆಟವು ಅವನ ಬೆರಳಿನಲ್ಲಿತ್ತು, ಬಾಯಲ್ಲಿರಲಿಲ್ಲ. ಇಂಗ್ಲಿಷಿನ ಶಬ್ದಗಳು ತಂಗಿಗೆ ತಿಳಿಯವು, ಕನ್ನಡದ ಶಬ್ದಗಳು ಇವನಿಗೆ ತೋಚವು.

ತೋಚುವುದಿಲ್ಲವೇಕೆ? ಕನ್ನಡದಲ್ಲಿ ಇದಕ್ಕೆಲ್ಲ ಶಬ್ದಗಳಿಲ್ಲ ಎಂಬ ಭಾವನೆ ಅವನಲ್ಲಿತ್ತು. ನಿಜ ಹೇಳಬೇಕೆಂದರೆ ನನ್ನಲ್ಲಿಯೂ ಇತ್ತು. ‘ಷಡ್ಭುಜಾಕೃತಿಯ ಕೋಷ್ಠಕ’ ಎಂಬಂಥ ಭಯಂಕರವೊಂದನ್ನು ನಾನು ಮನಸ್ಸಿನಲ್ಲಿ ಕಟ್ಟುತ್ತಿದ್ದೆನು. ಅಷ್ಟರಲ್ಲಿ ತಾಯಿಯವರು, ಎಂದರೆ ಮಕ್ಕಳ ಅಜ್ಜಿ, ಪರದೆಯನ್ನು ನೋಡಿ, “ಆ ಮನೆಯಲ್ಲಿ ಯಾಕೆ ನಿಂತಿದ್ದಾನೆ? ಹೊಡೆಸಿಕೊಳ್ಳುತ್ತಾನಲ್ಲ!” ಎಂದರು. ಮನೆ! ಚದುರಂಗದಲ್ಲಿ, ಚೌಕಾಬಾರದಲ್ಲಿ, ಚೆನ್ನೆಮಣೆಯಲ್ಲಿ ನಾವು ಅದನ್ನು ಮನೆಯೆಂದಲ್ಲದೆ ಬೇರೇನೆಂದು ಕರೆದಿದ್ದೇವೆ? ಒಂದು ಶಬ್ದ ಸಿಕ್ಕಿದ ಮೇಲೆ ಉಳಿದವು ತಾವೇ ಬಂದವು. ಕಾಯಿ, ನಡೆ, ಪಾಳಿ. ನಡೆಸುವುದು, ಹೊಡೆಯುವುದು, ಬಿಟ್ಟುಕೊಡುವುದು. ಈ ಆಟದಲ್ಲಿ ಶತ್ರುವಿನ ಪಕ್ಕದ ಮನೆಗೆ ಬಂದ ಆಳಿನ ನಡೆ ಅಲ್ಲಿಗೇ ನಿಂತುಬಿಡುತ್ತದೆ, ಅವನನ್ನು ದಾಟಿ ಜಾರಿಹೋಗಲಾಗದು. ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದದ ಹೆಸರಿದೆ. ಅಜ್ಜಿಗೆ ವಿವರಿಸಿದಾಗ ಅವರು, “ಹುಲಿ ಕಟ್ಟಿದ ಹಾಗೆ,” ಎಂದರು. ಆಡು-ಹುಲಿ ಆಟದಲ್ಲಿ ಆಡುಗಳು ಸುತ್ತುವರಿದು ಹುಲಿಯನ್ನು ಕಟ್ಟುತ್ತವೆ. ತಂಗಿಗೆ ಅದು ಗೊತ್ತು. “ಶತ್ರುವಿನ ಸುತ್ತಲಿನ ಆರೂ ಮನೆಗಳಲ್ಲಿ ಕಟ್ಟು ಇದೆ,” ಎಂದು ಅಣ್ಣ ಹೇಳಿದಾಗ ಅವಳಿಗೆ ಇನ್ನೊಮ್ಮೆ ಹೇಳಬೇಕಾಗಲಿಲ್ಲ.

ಇಲ್ಲಿ ಒಂದು ಮಾತು. ಮೌಸು, ಕಂಟ್ರೋಲು, ಕ್ಲಿಕ್ಕು ಇವುಗಳಿಗೆ ಕನ್ನಡ ಹುಡುಕುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಅವು ವಸ್ತುವಿನ ಮೇಲೆ ಅಚ್ಚಾಗಿರುವ ಹೆಸರುಗಳು, ಹಾಗೆಯೇ ಇರಲಿ. ಕನ್ನಡದಲ್ಲಿ ಆಗಬೇಕಾದುದು ಕ್ರಿಯೆ ಮತ್ತು ಕ್ರಿಯೆಗಳ ನಡುವಣ ಸಂಬಂಧ: ಒತ್ತಿಕೊಂಡು, ಒತ್ತಿದ ಮೇಲೆ, ಒತ್ತಿದರೆ, ಒತ್ತದಿದ್ದರೆ, ಒತ್ತುವ ಮೊದಲು. ನಾಮಪದಗಳಿಗಾಗಿ ನಾವು ನಡೆಸುವಷ್ಟು ವಾದವನ್ನು ಈ ಪುಟ್ಟ ಪ್ರತ್ಯಯಗಳಿಗಾಗಿ ನಡೆಸುವುದಿಲ್ಲ.

ಅಂದು ಸಂಜೆ ಅಂತರ್ಜಾಲದಲ್ಲಿ ಒಂದು ಆಟವಾಡಿದೆವು. ಎದುರಾಳಿ ಹುಡುಗನ ಸಹಪಾಠಿಯೇ, ಅವನ ಮನೆ ಮೂರು ಕಿಲೋಮೀಟರು ದೂರ. ಅಪರಿಚಿತರೊಡನೆ ಆಡುವುದನ್ನು ನಾನು ಒಪ್ಪಲಿಲ್ಲ. ಆಟದ ನಡುವೆ ಎದುರಾಳಿಗೆ ಸಂದೇಶ ಕಳುಹಿಸುವ ಸೌಲಭ್ಯವಿದೆ. ಹೆಸರು, ಶಾಲೆ, ಫೋನು ನಂಬರು ಇವನ್ನು ಅಲ್ಲಿ ಬರೆಯಬಾರದೆಂದು ಮಕ್ಕಳಿಗೆ ಮೊದಲೇ ಹೇಳಬೇಕಾದುದು ನಮ್ಮ ಕರ್ತವ್ಯ. ಒಂಟಿಯಾಗಿ ಕಲಿಯುವಾಗ ಇಲ್ಲದ ಒಂದು ಒತ್ತಡ ಇಲ್ಲಿತ್ತು: ಪ್ರತಿ ಪಾಳಿಗೂ ಕಾಲಮಿತಿಯನ್ನು ಇಡಬಹುದು, ಹುಡುಗರು ಇಟ್ಟಿದ್ದರು. ಗಡಿಯಾರ ಇಳಿಯುತ್ತಿರುವಾಗ ನಾನು ಕಲಿತದ್ದರಲ್ಲಿ ಅರ್ಧ ಮರೆತುಹೋಯಿತು. ಪಾಳಿ ಮುಗಿಸುವ ಗುಂಡಿ ಒತ್ತಿದಾಗ, ಇನ್ನೂ ನಡೆಯದ ಆಳುಗಳಿದ್ದಾರೆ, ಖಂಡಿತವಾಗಿ ಮುಗಿಸುವಿರಾ ಎಂದು ಆಟ ಕೇಳಿತು. ಓದದೆಯೇ ಹೌದೆಂದೆನು. ನನ್ನ ಬಿಲ್ಲಾಳುಗಳಿಬ್ಬರು ಹುಲ್ಲುಗಾವಲಿನಲ್ಲಿ ನಿಂತಲ್ಲೇ ಉಳಿದರು; ಮುಂದಿನ ಪಾಳಿಗೆ ಅವರಿರಲಿಲ್ಲ. ಬೆಳಗ್ಗೆ ಸರಾಗವಾಗಿ ಹೇಳಿದ ಮಗು ಪರೀಕ್ಷೆಯ ಕೊಠಡಿಯಲ್ಲಿ ಮರೆಯುವುದನ್ನು ‘ಅಭ್ಯಾಸದ ಕೊರತೆ’ ಎಂದು ಎಷ್ಟು ಪ್ರಗತಿಪತ್ರಗಳಲ್ಲಿ ಬರೆದಿದ್ದೇನೋ ನೆನಪಿಲ್ಲ. ಹನ್ನೊಂದನೆಯ ಪಾಳಿಯಲ್ಲಿ ನನ್ನ ನಾಯಕನು ಬಿದ್ದನು. ಹುಡುಗರಿಬ್ಬರೂ ಬಹಳ ಮರ್ಯಾದೆಯಿಂದ ನಕ್ಕರು.

ನಾನು ಈ ಆಟವನ್ನು ತರಗತಿಗೆ ತನ್ನಿ ಎಂದು ಹೇಳುತ್ತಿಲ್ಲ. ಪಾಠಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ, ಯುದ್ಧದ ಕಥೆ ಎಲ್ಲರಿಗೂ ಹಿತವಾಗಬೇಕೆಂದೂ ಇಲ್ಲ. ಆದರೆ ಆಮೇಲೆ ನಾನು ನನ್ನ ತರಬೇತಿಯಲ್ಲಿ ಕೆಲವನ್ನು ಬದಲಿಸಿದ್ದೇನೆ. ಪಟ್ಟಿಗಳನ್ನು ತೆರೆದು ತೋರಿಸುವುದನ್ನು ಬಿಟ್ಟೆನು. ಮೊದಲ ಹತ್ತು ನಿಮಿಷದಲ್ಲಿ ಎಲ್ಲರೂ ಒಂದು ಪುಟವನ್ನು ಬೇಕೆಂದೇ ಅಳಿಸಿ ಮರಳಿ ತರುತ್ತಾರೆ. ಅಳಿಸಿದ್ದು ಬಂದಾಗ ಕೊಠಡಿಯಲ್ಲಿ ಏಳುವ ಸದ್ದನ್ನು ನೀವು ಕೇಳಬೇಕು. ಯಾವುದು ಮರಳಿ ಬಾರದು ಎಂಬುದನ್ನೂ ಅಲ್ಲಿಯೇ ಹೇಳುತ್ತೇನೆ: ಉಳಿಸದೆ ಮುಚ್ಚಿದ ಕಡತ, ಮೇಲಧಿಕಾರಿಗಳಿಗೆ ಕಳುಹಿಸಿಬಿಟ್ಟ ನಮೂನೆ.

ಭಾಷಾ ತರಗತಿಗೆ ನಾನು ಸೂಚಿಸುವ ಅಭ್ಯಾಸವೊಂದಿದೆ. ಅಣ್ಣತಂಗಿಯರಿಂದ ಕಲಿತದ್ದು ಅದು. ಅಣ್ಣನ ಬೆರಳು ತೋರಿಸುವಿಕೆ ಸಾಕಾಗಿ ನಾನು ಅವನನ್ನು ಗೋಡೆಯ ಕಡೆಗೆ ಮುಖ ಮಾಡಿ ಕುಳ್ಳಿರಿಸಿದೆನು. ಪರದೆ ಅವನಿಗೆ ಕಾಣದು, ಕೀಲಿಮಣೆ ತಂಗಿಯ ಕೈಯಲ್ಲಿ. ಅವನು ಬಾಯಿಮಾತಿನಿಂದಲೇ ಅವಳ ಆಳನ್ನು ಹಳ್ಳಿಗೆ ಮುಟ್ಟಿಸಬೇಕು. ‘ಇದು’, ‘ಅದು’, ‘ಇಲ್ಲಿ’ ಎಂಬ ಶಬ್ದಗಳು ಒಮ್ಮೆಗೇ ನಿರುಪಯೋಗಿಯಾದವು. “ನಿನ್ನ ಬಿಲ್ಲಾಳಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ಬಿಡು. ಈಗ ಯಾವ ಮನೆಗಳು ಬೆಳಕಾಗಿವೆ? ಅದರಲ್ಲಿ ಹಳ್ಳಿ ಇದೆಯಾ? ಇಲ್ಲದಿದ್ದರೆ ಹಳ್ಳಿಗೆ ಹತ್ತಿರದ ಬೆಳಕಿನ ಮನೆಯ ಮೇಲೆ ಬಾಣ ಇಡು, ಒತ್ತಬೇಡ. ಎಷ್ಟು ಎಂದು ಓದು.” ಸ್ಥಳವಾಚಕಗಳು, ಪಕ್ಷಾರ್ಥಕ, ನಿಷೇಧ, ಪ್ರಶ್ನೆ ಎಲ್ಲವೂ ಅವನಿಗೆ ಬೇಕಾಗಿ ಬಂದವು, ನಾನು ಬೇಕೆಂದು ತಂದದ್ದಲ್ಲ. ಎರಡು ಬಾರಿ ಆಳು ನೀರಿಗಿಳಿದನು. ತಂಗಿ ನಗುತ್ತ ‘ಯು’ ಒತ್ತಿದಳು. ಮೂರನೆಯ ಬಾರಿ ಹಳ್ಳಿಯ ಮೇಲೆ ಬಾವುಟ ಏರಿತು. ಆಮೇಲೆ ಅವನು ಅದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟನು. ಕನ್ನಡ ಪ್ರಬಂಧವನ್ನು ಹತ್ತು ಸಾಲಿಗೆ ಮುಗಿಸುವ ಹುಡುಗನು ಒಂದೂವರೆ ಪುಟ ಬರೆದಿದ್ದನು. ಅದರಲ್ಲಿ ‘ಒತ್ತಿಕೊಂಡು’ ಎಂಬುದರ ಕೆಳಗೆ ಅವನೇ ಎರಡು ಗೆರೆ ಎಳೆದಿದ್ದನು. ಕಾಗುಣಿತದ ತಪ್ಪುಗಳೂ ಇದ್ದವು. ಕೆಂಪು ಮಸಿಯ ಪೆನ್ನು ನನ್ನ ಜೇಬಿನಲ್ಲಿತ್ತು. ಅಂದು ತೆಗೆಯಲಿಲ್ಲ, ಮರುದಿನ ಅವನ ಜೊತೆ ಕುಳಿತು ತಿದ್ದಿದೆನು.

ಊಟದ ಬಳಿಕ ನಾವು ಲ್ಯಾಬಿಗೆ ಹೋಗುತ್ತೇವೆ. ಆಟವಿರುವುದಿಲ್ಲ, ಹೆದರಬೇಡಿ. ಇಬ್ಬಿಬ್ಬರಂತೆ ಕುಳಿತುಕೊಳ್ಳಿ, ಸಾಧ್ಯವಾದರೆ ಒಬ್ಬರು ಕಂಪ್ಯೂಟರ್ ಬಲ್ಲವರು, ಇನ್ನೊಬ್ಬರು ಅಷ್ಟಾಗಿ ಬಳಸದವರು. ಬಲ್ಲವರು ಗೋಡೆಯ ಕಡೆಗೆ ಮುಖ ಮಾಡಬೇಕು. ಅಂಕಪಟ್ಟಿಯ ಒಂದು ಪುಟ ತೆರೆದಿರುತ್ತದೆ. ಮೊದಲು ಅದನ್ನು ಪೂರ್ತಿ ಅಳಿಸಿ, ಅನಂತರ ಕಂಟ್ರೋಲ್ ಒತ್ತಿಕೊಂಡು ‘ಝಡ್’ ಒತ್ತಿ ಮರಳಿ ತರಬೇಕು. ಆಮೇಲಿನ ಹೆಜ್ಜೆಗಳು ಮೇಜಿನ ಮೇಲಿರುವ ಹಾಳೆಯಲ್ಲಿವೆ. ಸೂಚನೆ ಕೊಡುವವರು ಯಾವ ವಾಕ್ಯದಲ್ಲಿ ಎಡವಿದರೆಂಬುದನ್ನು ಜೊತೆಗಾರರು ಬರೆದಿಟ್ಟುಕೊಳ್ಳಿ. ಸಂಜೆ ಅವನ್ನೇ ಓದೋಣ. ನಾನೂ ಒಂದು ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿರುತ್ತೇನೆ, ನನ್ನ ಜೊತೆಗೆ ಒಬ್ಬರು ಬೇಕು. ಈವರೆಗೆ ಕಂಪ್ಯೂಟರನ್ನು ಮುಟ್ಟದವರು ಯಾರಾದರೂ ಇದ್ದರೆ ಅವರೇ ಬರಲಿ ಎಂದು ಕೇಳಿಕೊಳ್ಳುತ್ತೇನೆ.